ಒಂದೇ ಷಡ್ಜ, ಹಲವು ಸಾಲು

ರಾಜ್ಯೋತ್ಸವ ಬಂತೆಂದರೆ ಶಾಲೆಗಳಲ್ಲಿ ಸಮೂಹಗಾನ ಸ್ಪರ್ಧೆ. ಅಲ್ಲಿ ಅಂಕ ಕೊಡುವ ಪದ್ಧತಿ ಬದಲಾಗಬೇಕೆಂದು ಈ ವಾರ ಬರೆಯಲು ಕೂತೆ. ಆದರೆ ಆ ಮಾತು ಎತ್ತಿದ ಕೂಡಲೇ ಎಂ.ಬಿ. ಶ್ರೀನಿವಾಸನ್ ನೆನಪಾಗುತ್ತಾರೆ. ಅವರು ನೆನಪಾದ ಮೇಲೆ ಅಂಕದ ವಿಚಾರ ಇನ್ನೊಂದು ವಾರಕ್ಕಿರಲಿ ಅನ್ನಿಸುತ್ತದೆ.

ಮಲಯಾಳಿಗಳಿಗೆ ಎಂಬಿಎಸ್ ಸಿನಿಮಾ ಸಂಗೀತ ನಿರ್ದೇಶಕರು. 1961ರಲ್ಲಿ ‘ಕಾಲ್ಪಾಡುಗಳ್’ ಚಿತ್ರಕ್ಕಾಗಿ ನಾರಾಯಣ ಗುರುಗಳ ಪದ್ಯವನ್ನು ತರುಣ ಯೇಸುದಾಸರಿಂದ ಹಾಡಿಸಿ, ಆ ಕಂಠವನ್ನು ಸಿನಿಮಾಕ್ಕೆ ತಂದವರು. ಎಡಪಂಥದ ಚಳವಳಿಯಿಂದ ಬಂದ ಮನುಷ್ಯ. ಮದ್ರಾಸಿನ ಸ್ಟುಡಿಯೋಗಳಲ್ಲಿ ವಾದ್ಯ ನುಡಿಸುವವರಿಗೆ ಸಂಘ ಕಟ್ಟಿಕೊಟ್ಟರು. ಇಷ್ಟೆಲ್ಲ ಮಾಡಿಯೂ ಅವರ ನಿಜವಾದ ಕೆಲಸ ಬೇರೆಯೇ ಎಂದು ನಾನು ನಂಬುತ್ತೇನೆ. 1970ರ ದಶಕದ ಆರಂಭದಲ್ಲಿ ಕಟ್ಟಿದ ಮದ್ರಾಸ್ ಯೂತ್ ಕಾಯರ್ ಎಂಬ ವೃಂದಗಾನ ತಂಡವೇ ಆ ಕೆಲಸ. ಮುಂಬಯಿಯಲ್ಲಿ ಸಲಿಲ್ ಚೌಧರಿ, ಕಲ್ಕತ್ತೆಯಲ್ಲಿ ರೂಮಾ ಗುಹಾ ಠಾಕುರ್ತಾ 1958ರಲ್ಲೇ ಇಂಥ ತಂಡ ಕಟ್ಟಿ ಹಾದಿ ತೆರೆದಿದ್ದರು. ಎಂಬಿಎಸ್ ಅದನ್ನು ದಕ್ಷಿಣಕ್ಕೆ ತಂದು, ತಮಿಳು ಕವಿ ಭಾರತಿಯವರ ಕವಿತೆಗಳನ್ನೂ ಹಲವು ಭಾಷೆಗಳ ಹಾಡುಗಳನ್ನೂ ಬೇರೆ ಬೇರೆ ದನಿಸಾಲುಗಳಾಗಿ ಬಿಡಿಸಿ ಹಾಡಿಸಿದರು. ಶಾಲೆಯ ಮೇಷ್ಟರುಗಳಿಗೂ ಸಮೂಹಗಾನ ಕಲಿಸಿದರು.

ಹೀಗೆ ದನಿಗೆ ದನಿ ಸೇರಿಸಿ ಹೆಣೆದರೆ ರಾಗ ಕೆಡುತ್ತದೆ ಎನ್ನುವ ಪಂಡಿತರೊಡನೆ ನನ್ನ ಜಗಳ ಹಳೆಯದು. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಮೋಹನ ರಾಗಕ್ಕೆ ಪಾಶ್ಚಾತ್ಯರ ಮೂರು ಮಾಮೂಲು ಸ್ವರಗುಚ್ಛಗಳನ್ನು ಕುರುಡಾಗಿ ಅಂಟಿಸಿದರೆ, ಒಂದರಲ್ಲಿ ಮಧ್ಯಮ, ಇನ್ನೊಂದರಲ್ಲಿ ನಿಷಾದ ನುಗ್ಗಿಬರುತ್ತವೆ. ಎರಡೂ ಮೋಹನಕ್ಕೆ ವರ್ಜ್ಯ. ರಾಗ ಅಲ್ಲಿಗೆ ಮುಗಿಯಿತು. ಆದರೆ ಸ-ಗ-ಪ ಇದೆ, ಧ-ಸ-ಗ ಇದೆ. ಇವೆರಡೂ ಮೋಹನದ ಸ್ವಂತ ಸ್ವರಗಳು. ಅದಕ್ಕಿಂತ ಮುಖ್ಯವಾಗಿ, ಮೋಹನದಲ್ಲಿ ಅರೆಸ್ವರದ ಅಂತರವೇ ಇಲ್ಲ. ಆದ್ದರಿಂದ ಎರಡು ಸಾಲುಗಳು ಒಂದನ್ನೊಂದು ದಾಟುವಾಗ ರಿ-ಗ ತಾಕಿದರೂ ಕಿವಿಗೆ ಚುಚ್ಚುವುದಿಲ್ಲ. ತೋಡಿಯಲ್ಲಿ ಈ ಸಾಹಸಕ್ಕೆ ನಾನಂತೂ ಇಳಿಯಲಾರೆ. ಅಲ್ಲಿನ ಗಮಕವನ್ನು ನಲವತ್ತು ಗಂಟಲು ಒಂದೇ ಬಾರಿಗೆ, ಒಂದೇ ಬಗೆಯಲ್ಲಿ ತೂಗಲಾರವು. ಯಾವ ರಾಗ ಎಷ್ಟು ದನಿಗಳನ್ನು ಹೊರುತ್ತದೆ ಎಂದು ತೂಗಿ ನೋಡುವುದೇ ವೃಂದಗಾನದ ವಿದ್ಯೆ.

ಆದರೂ ನನ್ನ ಸಿಟ್ಟು ಪಂಡಿತರ ಮೇಲಲ್ಲ, ನಮ್ಮ ವೇದಿಕೆಗಳ ರೂಢಿಯ ಮೇಲೆ. ಮೂವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದೇ ಶ್ರುತಿಯಲ್ಲಿ ಒಂದೇ ಸಾಲನ್ನು ಹಾಡಿಸಿ, ಹಿಂದಿನಿಂದ ಟ್ರ್ಯಾಕ್ ಹಾಕಿ ಅದನ್ನು ಸಮೂಹಗಾನ ಎನ್ನುತ್ತೇವೆ. ಹೆಣ್ಣುದನಿಗೆ ಐದು ಮನೆ ಶ್ರುತಿ ಹಿತ, ಬಲಿತ ಗಂಡುದನಿಗೆ ಒಂದು, ಒಂದೂವರೆ ಮನೆ. ನಾವು ನಡುವೆ ಎಲ್ಲೋ ಇಡುತ್ತೇವೆ. ಮೇಲಿನ ಷಡ್ಜಕ್ಕೆ ಹೋದಾಗ ಹುಡುಗರು ಕಿರುಚುತ್ತಾರೆ, ಮಂದ್ರಕ್ಕೆ ಇಳಿದಾಗ ಹುಡುಗಿಯರ ದನಿ ಕೇಳಿಸುವುದೇ ಇಲ್ಲ. ದನಿ ಒಡೆಯುವ ವಯಸ್ಸಿನ ಹುಡುಗನಿಗೆ ಮೇಷ್ಟರು ಹೇಳುವುದು ಒಂದೇ: ‘ನೀನು ಬರೀ ಬಾಯಿ ಆಡಿಸು ಸಾಕು.’ ಹಾಗೆ ಹೇಳಿಸಿಕೊಂಡವರು ಎಷ್ಟೋ ಮಂದಿ ಮತ್ತೆಂದೂ ಹಾಡಿಲ್ಲ. ಪ್ರತಿ ಗಂಟಲಿಗೂ ಅದರ ಎಟುಕಿನಲ್ಲೇ ಒಂದು ಸಾಲು ಕೊಡುವ ಎಂಬಿಎಸ್ ದಾರಿಯಲ್ಲಿ ಈ ಕ್ರೌರ್ಯಕ್ಕೆ ಜಾಗವಿಲ್ಲ.

1988ರ ಮಾರ್ಚಿನಲ್ಲಿ ಅವರು ಲಕ್ಷದ್ವೀಪದಲ್ಲಿ ತೀರಿಕೊಂಡರು. ಅವರ ತಂಡ ನಿಲ್ಲಲಿಲ್ಲ.

ಸಂಗೀತದ ಮೇಷ್ಟರುಗಳಲ್ಲಿ ಒಂದು ಕೋರಿಕೆ. ‘ವರವೀಣಾ’ ಗೀತೆ ನಿಮ್ಮ ಮಕ್ಕಳಿಗೆ ಬಂದೇ ಬರುತ್ತದೆ, ಅದೂ ಮೋಹನವೇ. ಐದು ಮನೆಗೆ ಶ್ರುತಿ ಇಟ್ಟು ಹುಡುಗಿಯರಿಂದ ಗೀತೆ ಹಾಡಿಸಿ. ದನಿ ಒಡೆದ ಹುಡುಗರಿಗೆ ಮಂದ್ರ ಪಂಚಮದಿಂದ ಮಧ್ಯಸ್ಥಾಯಿಯ ಗಾಂಧಾರದೊಳಗೆ, ಅದೇ ಐದು ಸ್ವರಗಳಲ್ಲಿ, ಉದ್ದುದ್ದ ಕಾರ್ವೆಗಳ ಒಂದು ಸಾಲು ಬರೆದುಕೊಡಿ. ಟ್ರ್ಯಾಕ್ ಬೇಡ, ತಂಬೂರಿ ಸಾಕು.