ಬಾಲಧೈರ್ಯವೂ ಇತಿಹಾಸವೂ: ಲೋಯಿಸ್ ಲೌರಿಯವರ ಒಂದು ಕಾದಂಬರಿ

ಯುದ್ಧಕಾಲದ ಬಾಲವೀರರ ಕಥೆಗಳು ವಾಚಕರಲ್ಲಿ ಸ್ಫೂರ್ತಿಯನ್ನುಂಟುಮಾಡುತ್ತವೆಂಬುದು ರೂಢಿಯ ಮಾತು. ಆ ಸ್ಫೂರ್ತಿಯ ಸ್ವರೂಪವೇನು, ಇತಿಹಾಸದ ಮುಂದೆ ಅದು ನಿಲ್ಲಬಲ್ಲುದೇ ಎಂಬ ಪ್ರಶ್ನೆಗಳು ಮಾತ್ರ ವಿಚಾರಾರ್ಹವಾಗಿಯೇ ಉಳಿದಿವೆ. ಅಮೆರಿಕದ ಲೇಖಕಿ ಲೋಯಿಸ್ ಲೌರಿಯವರು 1989ರಲ್ಲಿ ಪ್ರಕಟಿಸಿದ, ಮರುವರ್ಷ ನ್ಯೂಬೆರಿ ಪದಕವನ್ನು ಪಡೆದ ‘ನಂಬರ್ ದ ಸ್ಟಾರ್ಸ್’ ಎಂಬ ಕಾದಂಬರಿ ಈ ವಿಚಾರಣೆಗೆ ತಕ್ಕ ಕೃತಿಯಾಗಿದೆ.

ಡೆನ್ಮಾರ್ಕ್ ದೇಶವು ಜರ್ಮನರ ವಶವಾದದ್ದು 1940ರ ಏಪ್ರಿಲ್ 9ರಂದು. 1943ರ ಅಕ್ಟೋಬರ್ 1ರ ರಾತ್ರಿ ಅಲ್ಲಿಯ ಯಹೂದ್ಯರನ್ನೆಲ್ಲ ಸೆರೆಹಿಡಿಯುವ ಯತ್ನ ನಡೆಯಿತು. ಜರ್ಮನ್ ಅಧಿಕಾರಿಯೇ ಆಗಿದ್ದ ಡಕ್ವಿಟ್ಸ್ ಎಂಬಾತನು ಸುದ್ದಿಯನ್ನು ಮುಂಚಿತವಾಗಿ ತಿಳಿಸಿದ್ದರಿಂದ ಬಹುಮಂದಿ ಅಡಗಿಕೊಂಡರು. 7,000ಕ್ಕೂ ಹೆಚ್ಚು ಜನ ದೋಣಿಗಳಲ್ಲಿ ಜಲಸಂಧಿಯನ್ನು ದಾಟಿ ಸ್ವೀಡನ್ನನ್ನು ಸೇರಿದರು.

ಕಾದಂಬರಿಯ ನಾಯಕಿ ಹತ್ತು ವರ್ಷದ ಆನ್‌ಮರೀ. ಸೈನಿಕರು ನಡುರಾತ್ರಿ ಮನೆಯನ್ನು ಹೊಕ್ಕಾಗ, ಯಹೂದ್ಯ ಗೆಳತಿ ಎಲ್ಲೆನ್ನಳ ಕೊರಳಲ್ಲಿದ್ದ ನಕ್ಷತ್ರದ ಸರವನ್ನು ಕಿತ್ತು ಮುಷ್ಟಿಯಲ್ಲಿ ಅಡಗಿಸಿಕೊಳ್ಳುತ್ತಾಳೆ. ನಕ್ಷತ್ರದ ಗುರುತು ಅಂಗೈಯಲ್ಲಿ ಮೂಡುವಷ್ಟು ಬಿಗಿ ಆ ಮುಷ್ಟಿ. ಮುಂದೆ ಕಾಡುದಾರಿಯಲ್ಲಿ ಒಂದು ಪೊಟ್ಟಣವನ್ನು ಒಯ್ಯುವಾಗ, ನಾಯಿಗಳೊಡನೆ ಅಡ್ಡಗಟ್ಟಿದ ಸೈನಿಕರ ಮುಂದೆ ಏನೂ ಅರಿಯದ ಹುಡುಗಿಯಂತೆ ಹರಟುತ್ತಾಳೆ. ಪೊಟ್ಟಣದೊಳಗೇನಿದೆಯೆಂಬುದು ಆಕೆಗೂ ತಿಳಿಯದು. ಎಲ್ಲವನ್ನೂ ಅರಿಯದಿರುವಾಗ ಧೈರ್ಯ ಸುಲಭವೆಂಬುದು ಅವಳ ಸೋದರಮಾವ ಹೆನ್ರಿಕನ ಅಭಿಪ್ರಾಯ. ಅರೆಯರಿವು ಅಭಿಮನ್ಯುವಿಗೆ ಮೃತ್ಯುವಾಯಿತು. ಈ ಬಾಲೆಗೆ ಅದು ಕವಚವಾಗಿದೆ. ವ್ಯತ್ಯಾಸಕ್ಕೆ ಕಾರಣ ಸ್ಪಷ್ಟ. ಅಭಿಮನ್ಯುವಿನ ಹಿಂದೆ ಬಂದವರು ವ್ಯೂಹದ ಹೊರಗೇ ತಡೆಯಲ್ಪಟ್ಟರು. ಇವಳ ಹಿಂದೆ ತಾಯಿ, ತಂದೆ, ಮಾವ, ಇಡೀ ನೆರೆಹೊರೆ ನಿಂತಿದೆ. ಆಯುಧವಿಲ್ಲದ, ಭಯವನ್ನು ಒಳಗೊಂಡ, ಹಲವರು ಹಂಚಿಕೊಂಡ ಈ ಧೈರ್ಯವು ಸಾಮಾನ್ಯ ವಾಚಕನಿಗೂ ಅನುಸರಣೀಯವಾಗಿದೆ. ಕೃತಿಯ ಸ್ಫೂರ್ತಿಯ ಮೂಲವಿದು.

ಆದರೆ ಇತಿಹಾಸದ ವಿದ್ಯಾರ್ಥಿ ಇಷ್ಟಕ್ಕೆ ತೃಪ್ತನಾಗಲಾರ. ಹೆನ್ರಿಕನ ದೋಣಿ ಹೊರಡುವ ಗಿಲ್ಲೆಲೈ ಊರಿನಲ್ಲಿಯೇ, ಅದೇ ಅಕ್ಟೋಬರಿನಲ್ಲಿ, ಚರ್ಚಿನ ಅಟ್ಟದ ಮೇಲೆ ಅಡಗಿದ್ದ ಸುಮಾರು 80 ಮಂದಿ ಸೆರೆಸಿಕ್ಕರು. ದೋಣಿಯವರಲ್ಲಿ ಅನೇಕರು ಹಣ ಪಡೆದೇ ಜನರನ್ನು ಸಾಗಿಸಿದರು. ಕೆಲವರು ಪಡೆದ ಮೊತ್ತ ಅಲ್ಪವಾಗಿರಲಿಲ್ಲ. ಇವೆರಡಕ್ಕೂ ಕಥೆಯಲ್ಲಿ ಎಡೆಯಿಲ್ಲ. ಪ್ರತಿರೋಧದಲ್ಲಿ ತೊಡಗಿದ ಪೀಟರನು ಗುಂಡಿಗೆ ಬಲಿಯಾದುದನ್ನು ಲೇಖಕಿ ಮರೆಮಾಡಿಲ್ಲವೆಂಬುದು ನಿಜ. ಆದರೂ ಬಾಲೆಯ ಸಾಹಸವು ಪೂರ್ಣ ಸಫಲವಾಗುವುದರಿಂದ, ಧೈರ್ಯವಿದ್ದಲ್ಲಿ ಜಯ ನಿಶ್ಚಯವೆಂಬ ಭ್ರಮೆ ಎಳೆಯ ವಾಚಕರಲ್ಲಿ ಮೂಡುವ ಸಂಭವವುಂಟು.

ಅಟ್ಟದ ಮೇಲಿನವರಿಗೆ ಆಶ್ರಯವಿತ್ತವರ ಧೈರ್ಯ ಆನ್‌ಮರೀಯ ಧೈರ್ಯಕ್ಕಿಂತ ಕಡಮೆಯದಲ್ಲ. ಫಲ ಮಾತ್ರ ಬೇರೆ. ಆದುದರಿಂದ ಈ ಕಾದಂಬರಿಯನ್ನು ಪಾಠಹೇಳುವವರು ಗಿಲ್ಲೆಲೈ ಚರ್ಚಿನ ವೃತ್ತಾಂತವನ್ನೂ ಜೊತೆಗೆ ಹೇಳುವುದು ಯುಕ್ತ. ಹಾಗೆ ಹೇಳಿದರೆ ಸ್ಫೂರ್ತಿ ಕುಂದುವುದೆಂಬ ಭಯ ಬೇಡ. ಗೆಲ್ಲುವೆವೆಂಬ ಭರವಸೆಯಿಲ್ಲದೆಯೂ ನೆರೆಯವನಿಗಾಗಿ ಬಾಗಿಲು ತೆರೆದವರಿದ್ದರೆಂಬ ಸತ್ಯವನ್ನು ಮಕ್ಕಳು ಅರಿಯಬಲ್ಲರು.