ಸಿಕಮೋರ್: ಶೇರಿನ ಬೆಲೆಯಾಚೆ

ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆಯವರ ಮಾತು ಬಂದರೆ ಊರಿನವರು ಹೇಳುವುದು ಎರಡೇ ಸಂಗತಿ: 1999ರ ಅಕ್ಟೋಬರ್‌ನಲ್ಲಿ ಅವರು ಜೊತೆಗೂಡಿ ಕಟ್ಟಿದ ಅಮೆರಿಕದ ದೂರಸಂಪರ್ಕ ಉಪಕರಣ ಕಂಪನಿ ಸಿಕಮೋರ್ ನೆಟ್‌ವರ್ಕ್ಸ್‌ನ ಶೇರು ಮೊದಲ ದಿನವೇ 38 ಡಾಲರಿನಿಂದ 184ಕ್ಕೆ ಏರಿದ್ದು, ಮತ್ತು ಅವರ ದಾನಸಂಸ್ಥೆ ದೇಶಪಾಂಡೆ ಫೌಂಡೇಶನ್. ಟೀಕಾಕಾರರದ್ದೂ ದುಡ್ಡಿನ ಲೆಕ್ಕವೇ: ಇಂಟರ್ನೆಟ್ ಶೇರುಗಳ ಗುಳ್ಳೆ ಒಡೆಯಿತು, 2013ರಲ್ಲಿ ಕಂಪನಿ ವಿಸರ್ಜನೆಯಾಯಿತು, ಅಲ್ಲಿಗೆ ಮುಗಿಯಿತು. ಆ ಕಂಪನಿ ತಯಾರಿಸಿದ್ದೇನು ಎಂದು ಹೊಗಳುವವರೂ ಕೇಳಲಿಲ್ಲ, ತೆಗಳುವವರೂ ಕೇಳಲಿಲ್ಲ. ನನ್ನ ತಕರಾರು ಅದೇ.

ಸಿಕಮೋರ್‌ನ ಎಸ್‌ಎನ್ 16000 ಸ್ವಿಚ್ಚನ್ನು ನೋಡಿ; ಫೈಬರ್ ಜಾಲದಲ್ಲಿ ಯಾವ ಹೊರೆ ಯಾವ ದಾರಿ ಹಿಡಿಯಬೇಕೆಂದು ತಿರುಗಿಸುವ ಯಂತ್ರ ಅದು. ಆಗ ದೂರಸಂಪರ್ಕ ಕಂಪನಿಗಳು ನೆಚ್ಚಿಕೊಂಡಿದ್ದು ಸೋನೆಟ್ ರಿಂಗನ್ನು, ಅಂದರೆ ಊರುಗಳನ್ನು ಉಂಗುರದಂತೆ ಜೋಡಿಸುವ ಫೈಬರ್ ಜಾಲವನ್ನು. ಫೈಬರ್ ಒಂದು ಕಡೆ ತುಂಡಾದರೆ 50 ಮಿಲಿಸೆಕೆಂಡಿನಲ್ಲಿ ಮಾಹಿತಿಯ ಹೊರೆಯೆಲ್ಲ ಇನ್ನೊಂದು ಬದಿಗೆ ತಿರುಗುತ್ತದೆ. ಭದ್ರವೇನೋ ಹೌದು; ಆದರೆ ಅದಕ್ಕಾಗಿ ಅರ್ಧ ಸಾಮರ್ಥ್ಯ ಸದಾ ಮೀಸಲಿರಬೇಕು, ಎರಡನೇ ಕಡೆಯೂ ತುಂಡಾದರೆ ರಿಂಗೇ ಎರಡು ಹೋಳು. ಸಿಕಮೋರ್ ಹಿಡಿದದ್ದು ಊರುಗಳ ನಡುವೆ ಬಲೆಯಂತೆ ಹಲವು ದಾರಿಗಳಿರುವ ಮೆಶ್ ಜಾಲವನ್ನು. ಒಂದು ಊರಿಗೆ ಮೂರು ದಾರಿಗಳಿದ್ದು ಒಂದು ಕಡಿದರೆ ಅದರ ಹೊರೆಯನ್ನು ಉಳಿದೆರಡು ಹಂಚಿಕೊಳ್ಳುತ್ತವೆ. ಹಾಗಾಗಿ ಹೊರೆಯ ಅರ್ಧದಷ್ಟು ಮೀಸಲು ಸಾಕು. ನಾಲ್ಕು ದಾರಿಗಳಿದ್ದರೆ ಮೂರನೇ ಒಂದು ಭಾಗ. ರಿಂಗಿನಲ್ಲಿ ಇರುವುದು ಎರಡೇ ದಾರಿ, ಆದ್ದರಿಂದ ಹೊರೆ ಎಷ್ಟೋ ಅಷ್ಟೇ ಮೀಸಲು, ಅಂದರೆ ಒಟ್ಟು ಸಾಮರ್ಥ್ಯದ ಅರ್ಧ. ನಿಜವಾದ ಮೆಶ್ ಜಾಲದಲ್ಲಿ ಈ ಲೆಕ್ಕಕ್ಕಿಂತ ಹೆಚ್ಚು ಮೀಸಲು ಬೇಕಾಗುತ್ತದೆ, ಆದರೂ ಉಳಿತಾಯ ದೊಡ್ಡದು.

ಮೆಶ್‌ನ ವಿಚಾರ ಸಿಕಮೋರ್‌ನ ಸ್ವಂತದ್ದಲ್ಲ. ಕೆನಡಾದ ವೇಯ್ನ್ ಗ್ರೋವರ್ 1987ರಲ್ಲೇ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಜಾಲದ ಬಗ್ಗೆ ಬರೆದಿದ್ದರು. 90ರ ದಶಕದ ಎಟಿ ಅಂಡ್ ಟಿಯ ‘ಫಾಸ್ಟಾರ್’ ವ್ಯವಸ್ಥೆಯಲ್ಲಿ ಹೊಸ ದಾರಿ ಹುಡುಕುತ್ತಿದ್ದುದು ಕೇಂದ್ರದ ಕಂಪ್ಯೂಟರು. ಅದಕ್ಕೆ ನಿಮಿಷಗಳು ಹಿಡಿಯುತ್ತಿದ್ದವು. ಸಿಕಮೋರ್ ಆ ಬುದ್ಧಿಯನ್ನು ಒಂದೊಂದು ಸ್ವಿಚ್ಚಿಗೂ ಹಂಚಿತು. ಸ್ವಿಚ್ಚು ನೆರೆಯ ಸ್ವಿಚ್ಚುಗಳನ್ನು ತಾನೇ ಗುರುತಿಸುತ್ತದೆ, ಜಾಲದ ನಕ್ಷೆಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಕಡಿತವಾದಾಗ ಯಾರಿಗೂ ಕಾಯದೆ ದಾರಿ ಬದಲಿಸುತ್ತದೆ. ಇದನ್ನು ಮಾರುವ ಸರಕಾಗಿಸಿದ್ದು ಸಣ್ಣ ಕೆಲಸವಲ್ಲ.

ಕೊರತೆಯೂ ಇದೆ. ನಕ್ಷೆಯಲ್ಲಿ ಬೇರೆ ಬೇರೆಯಾಗಿ ಕಾಣುವ ಎರಡು ದಾರಿಗಳು ನೆಲದಡಿ ಒಂದೇ ತೋಡಿನಲ್ಲಿರಬಹುದು. ಹುಬ್ಬಳ್ಳಿ–ಧಾರವಾಡ ರಸ್ತೆಯ ಬದಿಗೆ ಹಾಗೆ ಎರಡು ಕೇಬಲ್ ಒಟ್ಟಿಗೆ ಹೂತಿದ್ದರೆ ಜೆಸಿಬಿ ಒಮ್ಮೆ ಬಾಯಿ ಹಾಕಿದರೆ ಎರಡೂ ಹೋದವು. ತೋಡಿನ ವಿವರವನ್ನು ಮನುಷ್ಯರೇ ತುಂಬಿಕೊಡಬೇಕು. ಅದು ತಪ್ಪಿದರೆ ಸ್ವಿಚ್ಚಿನ ಜಾಣತನ ಉಪಯೋಗಕ್ಕೆ ಬರುವುದಿಲ್ಲ.

ಆದರೆ ಗುಳ್ಳೆಯ ವಾದದವರು ಕೊಡುವ ಕಾರಣ ಇದಲ್ಲ. ಅವರಿಗೆ ಶೇರು ಬಿದ್ದದ್ದೇ ಯಂತ್ರ ಸೋತದ್ದಕ್ಕೆ ಸಾಕ್ಷಿ. ಸಿಕಮೋರ್‌ನ ದೊಡ್ಡ ಗಿರಾಕಿ ವಿಲಿಯಮ್ಸ್ ಕಮ್ಯುನಿಕೇಶನ್ಸ್ 2002ರಲ್ಲಿ ದಿವಾಳಿಯಾಯಿತು; ಕೊಳ್ಳುವವರೇ ಮುಳುಗಿದ್ದಕ್ಕೆ ವಿನ್ಯಾಸವನ್ನು ದೂರುವುದು ಯಾವ ನ್ಯಾಯ? 2004ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಜಾಗತಿಕ ಜಾಲಕ್ಕೆ ಇದೇ ಸಿಕಮೋರ್‌ನ ಸ್ವಿಚ್ಚುಗಳನ್ನು ಆರಿಸಿತು. ಆ ಸಂಗತಿ ಅವರ ಬರಹಗಳಲ್ಲಿ ಬರುವುದೇ ಇಲ್ಲ.

ಧಾರವಾಡದ ಐಐಟಿ, ಐಐಐಟಿ ಮತ್ತು ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ದೇಶಪಾಂಡೆಯವರನ್ನು ಉದ್ಯಮಶೀಲತೆಯ ಭಾಷಣಕ್ಕಷ್ಟೇ ಮೀಸಲಿಡಬೇಡಿ, ಮೂರು ದಾರಿಯ ಆ ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆಯಿರಿ.