ದಸರಾ ರಜೆ ಯಾರ ಪಾಲಿಗೆ?

ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದ ಬಗ್ಗೆ ನನಗೆ ಅಪಾರ ಗೌರವ. ಹೈಕೋರ್ಟಿನ ಆಶ್ರಯದಲ್ಲಿ 2007ರಲ್ಲಿ ಶುರುವಾದ ಮಧ್ಯಸ್ಥಿಕೆ ಕೇಂದ್ರ ಅಲ್ಲಿದೆ. ವಿಚ್ಛೇದನದ ಅರ್ಜಿ ಹಾಕಿದ ಎಷ್ಟೋ ದಂಪತಿಗಳನ್ನು ಕೌಟುಂಬಿಕ ನ್ಯಾಯಾಲಯ ಇಲ್ಲಿಗೆ ಕಳಿಸುತ್ತದೆ.

ಮಧ್ಯಸ್ಥಗಾರರು ತರಬೇತಿ ಪಡೆದ ವಕೀಲರು. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಅದೇ ಅವರ ಬಲ. ಕಟಕಟೆಯಿಲ್ಲ, ಪಾಟೀಸವಾಲಿಲ್ಲ. ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಾರೆ. ಹೆಂಡತಿ ಹೇಳಿಕೊಂಡದ್ದು ಅವಳ ಒಪ್ಪಿಗೆಯಿಲ್ಲದೆ ಗಂಡನ ಕಿವಿಗೆ ಬೀಳುವುದಿಲ್ಲ, ನ್ಯಾಯಾಧೀಶರಿಗೂ ಹೋಗುವುದಿಲ್ಲ. ಆ ಭರವಸೆ ಸಿಕ್ಕ ಮೇಲೆಯೇ ಬಾಯಿ ಬಿಡುವವರು ಹೆಚ್ಚು.

ಈ ಕಸುಬಿನ ನಿಜವಾದ ನಯ ಕಾಣುವುದು ಮಗುವಿನ ವಿಷಯ ಬಂದಾಗ. ‘ಮಗು ಯಾರಿಗೆ?’ ಎಂಬ ಒಂದೇ ಪ್ರಶ್ನೆಯನ್ನು ನುರಿತ ಮಧ್ಯಸ್ಥಗಾರರು ಹತ್ತಾರು ಸಣ್ಣ ಪ್ರಶ್ನೆಗಳಾಗಿ ಬಿಡಿಸುತ್ತಾರೆ. ಶನಿವಾರ ಶಾಲೆಯಿಂದ ಕರೆತರುವವರು ಯಾರು? ದಸರಾ ರಜೆಯ ಮೊದಲರ್ಧ ಯಾರ ಮನೆಯಲ್ಲಿ? ಜ್ವರ ಬಂದರೆ ಎಷ್ಟು ಹೊತ್ತಿನೊಳಗೆ ಫೋನ್ ಮಾಡಬೇಕು? ಅಜ್ಜಿಯನ್ನು ನೋಡುವುದು ಯಾವಾಗ? ಇವಕ್ಕೆಲ್ಲ ಉತ್ತರ ಕೊಡಬಲ್ಲವರು ಹೆತ್ತವರೇ ಹೊರತು ಯಾವ ಕಾನೂನು ಪುಸ್ತಕವೂ ಅಲ್ಲ.

ಹೊಡೆತ-ಬಡಿತದ ಭಯವಿರುವ ಕಡೆ ಈ ದಾರಿ ತಕ್ಕದ್ದಲ್ಲ. ಹೆದರಿದವಳ ಸಹಿ ಒಪ್ಪಿಗೆಯಲ್ಲ. ಹಾಗೆಯೇ ರಾಜಿಯೆಂದರೆ ಮತ್ತೆ ಕೂಡಿ ಬಾಳಲೇಬೇಕೆಂದೇನೂ ಇಲ್ಲ. ಪರಸ್ಪರ ಒಪ್ಪಿ ಬೇರೆಯಾಗುವ ಷರತ್ತುಗಳೂ ಇಲ್ಲೇ ಬರಹಕ್ಕಿಳಿಯುತ್ತವೆ. ಇಬ್ಬರೂ ಓದಿ ಸಹಿ ಹಾಕಿದ ಕಾಗದ ನ್ಯಾಯಾಲಯಕ್ಕೆ ಹೋಗುತ್ತದೆ. ಮಗು ಬೆಳೆದಂತೆ ಭೇಟಿಯ ವೇಳೆಗಳನ್ನು ಬದಲಿಸಿಕೊಳ್ಳಲು ಅವಕಾಶವೂ ಉಂಟು.